ಬ್ಯಾಟು, ಚೆಂಡು, ಬೆಳ್ಳಿ ಗದೆ: ಕ್ರೀಡಾ ಸ್ಮರಣಿಕೆಯನ್ನು ಎಲ್ಲಿ, ಯಾವಾಗ, ಯಾರ ಹೆಸರಿನ ಬಲದ ಮೇಲೆ ಮಾರಬೇಕು?

ತಂದೆಯವರು ತೀರಿಕೊಂಡ ಮೇಲೆ ಮೈಸೂರಿನ ಸರಸ್ವತಿಪುರಂನ ನಮ್ಮ ಮನೆಯ ಬೀರುವಿನಿಂದ ಮೂರು ವಸ್ತುಗಳು ನನ್ನ ಪಾಲಿಗೆ ಬಂದವು. ಮೊದಲನೆಯದು ಒಂದು ಮೊಳ ಉದ್ದದ ಪುಟ್ಟ ಬ್ಯಾಟು. 1996ರಲ್ಲಿ ಭಾರತ ತಂಡ ಬೆಂಗಳೂರಿಗೆ ಬಂದಿದ್ದಾಗ, ಆಟಗಾರರು ತಂಗಿದ್ದ ಹೋಟೆಲಿನ ಮುಂದೆ ಎರಡು ಸಂಜೆ ಕಾದು ತಂದೆಯವರು ಅದರ ಮೇಲೆ ಸಹಿ ಹಾಕಿಸಿಕೊಂಡಿದ್ದರು. ಎರಡನೆಯದು ಒಂದು ಕೆಂಪು ಚೆಂಡು. 2010ರ ಜನವರಿಯಲ್ಲಿ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ನಡೆದ ರಣಜಿ ಫೈನಲ್ ಪಂದ್ಯದ್ದೆಂದು ಹೇಳಿ ತಂದೆಯವರ ಗೆಳೆಯರೊಬ್ಬರು ಅದನ್ನು ಕೊಟ್ಟಿದ್ದರು. ಮೂರನೆಯದು ನನ್ನ ಸೋದರಮಾವನ ಗದೆ. ಮಂಡ್ಯ ಕಡೆಯ ಗರಡಿಯೊಂದರಲ್ಲಿ ಪಳಗಿದ ಮಾವ ಮೈಸೂರು ದಸರಾ ಕುಸ್ತಿಯಲ್ಲಿ ಅದನ್ನು ಗೆದ್ದು, ಮಕ್ಕಳಿಲ್ಲದ ಕಾರಣ ಕೊನೆಗಾಲದಲ್ಲಿ ನಮ್ಮ ತಾಯಿಯ ಕೈಗೆ ಒಪ್ಪಿಸಿದ್ದರು.

ಈ ಮೂರನ್ನೂ ಮಾರಬೇಕೆ, ಮಾರುವುದಾದರೆ ಯಾರಿಗೆ, ಎಂಬ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಸುಮಾರು ಎರಡು ವರ್ಷ ಅಂಗಡಿ, ಸಂಗ್ರಾಹಕರು, ಹರಾಜು ಸಂಸ್ಥೆಗಳು ಎಂದು ವಿಚಾರಿಸಿದೆ. ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಇಂಥ ವಸ್ತುಗಳಿವೆ. ಮನೆ ಖಾಲಿ ಮಾಡುವಾಗ ಅವು ಗುಜರಿಗೆ ಹೋಗುವುದನ್ನೂ, ಬೆಲೆ ತಿಳಿಯದೆ ಮೊದಲು ಕೇಳಿದವರ ಪಾಲಾಗುವುದನ್ನೂ ಕಣ್ಣಾರೆ ಕಂಡಿದ್ದೇನೆ. ಆದುದರಿಂದ ನಾನು ತಿಳಿದುಕೊಂಡದ್ದನ್ನು, ಮಾರುವವರ ಮುಂದಿರುವ ದಾರಿಗಳನ್ನು ಒಂದಕ್ಕೊಂದು ಹೋಲಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ನಿಮ್ಮ ಕೈಯಲ್ಲಿರುವುದು ಏನು?

ಸ್ಮರಣಿಕೆಗಳನ್ನು ಕೊಳ್ಳುವವರು ಸ್ಥೂಲವಾಗಿ ಮೂರು ಬಗೆಯ ವಸ್ತುಗಳನ್ನು ಬೇರೆಬೇರೆಯಾಗಿ ನೋಡುತ್ತಾರೆ. ಆಟಗಾರನು ನಿಜವಾದ ಪಂದ್ಯದಲ್ಲಿ ಬಳಸಿದ ವಸ್ತು ಒಂದು. ಅವನು ಬಳಸದೆ, ಕೇವಲ ಸಹಿ ಹಾಕಿದ ವಸ್ತು ಇನ್ನೊಂದು. ಅಂಗಡಿಯಲ್ಲಿ ಸಾವಿರಗಟ್ಟಲೆ ಮಾರಾಟವಾಗುವ ಜೆರ್ಸಿ, ಟೋಪಿಗಳಂಥ ನಕಲು ಪ್ರತಿ ಮತ್ತೊಂದು. ಮೂರನೆಯ ಬಗೆಗೆ ಮರುಮಾರಾಟದ ಬೆಲೆ ಇಲ್ಲವೆಂದೇ ತಿಳಿಯಬಹುದು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವಿನ ಅಂತರ ಎಷ್ಟು ದೊಡ್ಡದೆಂಬುದಕ್ಕೆ 2011ರ ವಿಶ್ವಕಪ್ ಫೈನಲ್‌ನಲ್ಲಿ ಮಹೇಂದ್ರ ಸಿಂಗ್ ಧೋನಿ ಕೊನೆಯ ಸಿಕ್ಸರ್ ಹೊಡೆದ ಬ್ಯಾಟು ಒಳ್ಳೆಯ ನಿದರ್ಶನ. ಅದೇ ವರ್ಷದ ಜುಲೈನಲ್ಲಿ ಲಂಡನ್ನಿನ ಸಹಾಯಾರ್ಥ ಔತಣಕೂಟವೊಂದರಲ್ಲಿ ಅದು 1 ಲಕ್ಷ ಪೌಂಡಿಗೆ, ಅಂದಿನ ಲೆಕ್ಕದಲ್ಲಿ ಸುಮಾರು 72 ಲಕ್ಷ ರೂಪಾಯಿಗೆ ಹರಾಜಾಯಿತು. ಅದೇ ಧೋನಿಯವರು ಅಂಗಡಿಯಿಂದ ತಂದ ಬೇರೊಂದು ಬ್ಯಾಟಿನ ಮೇಲೆ ಹಾಕಿದ ಸಹಿಗೆ ಆ ಬೆಲೆಯ ಒಂದು ಚೂರೂ ಬರುವುದಿಲ್ಲ, ಏಕೆಂದರೆ ಅಂಥ ಸಹಿಗಳು ಬಹಳ ಇವೆ, ಆ ಸಿಕ್ಸರ್ ಹೊಡೆದ ಬ್ಯಾಟು ಒಂದೇ ಒಂದು.

ಬಳಸಿದ ವಸ್ತುವಿಗೆ ಬೆಲೆ ತರುವುದು ಅದರ ಹಿಂದಿನ ದಾಖಲೆ. ವಸ್ತು ಆಟಗಾರನ ಕೈಯಿಂದ ಯಾರ ಕೈಗೆ ಬಂತು, ಅಲ್ಲಿಂದ ನಿಮ್ಮಲ್ಲಿಗೆ ಹೇಗೆ ಬಂತು ಎಂಬ ಸರಪಳಿಯ ಒಂದೊಂದು ಕೊಂಡಿಗೂ ಕಾಗದ, ಫೋಟೋ ಅಥವಾ ಸಾಕ್ಷಿ ಬೇಕು. ನಮ್ಮ ಮನೆಯ ಚೆಂಡನ್ನೇ ತೆಗೆದುಕೊಳ್ಳಿ. ಆ ಫೈನಲ್ ಮೈಸೂರಿನವರು ಮರೆಯಲಾರದ ಪಂದ್ಯ: 338 ರನ್ನುಗಳ ಗುರಿ ಬೆನ್ನಟ್ಟಿದ ಕರ್ನಾಟಕ, ಮನೀಶ್ ಪಾಂಡೆಯವರ 144 ರನ್ನುಗಳ ಆಟದಿಂದ ಗೆಲುವಿನ ಬಾಗಿಲಿಗೆ ಬಂದು, 331ಕ್ಕೆ ಆಲೌಟಾಗಿ ಮುಂಬೈಗೆ 6 ರನ್ನಿನಿಂದ ಸೋತಿತು. ನಿಜವಾಗಿಯೂ ಆ ಪಂದ್ಯದ ಚೆಂಡೆಂದು ಸಾಬೀತಾದರೆ ಕೊಳ್ಳಲು ಮುಂದೆ ಬರುವವರು ಈ ಊರಿನಲ್ಲೇ ಇದ್ದಾರೆ. ಆದರೆ ಕೊಟ್ಟವರು ಈಗಿಲ್ಲ, ಅವರಿಗೆ ಅದು ಹೇಗೆ ಸಿಕ್ಕಿತೆಂದು ಯಾರೂ ಬರೆದಿಡಲಿಲ್ಲ, ಅಂಪೈರರದೋ ಸ್ಕೋರರದೋ ಒಂದು ಚೀಟಿಯೂ ಜೊತೆಗಿಲ್ಲ. ಕಾಗದವಿಲ್ಲದಿದ್ದರೆ ಅದು ಒಂದು ಹಳೆಯ ಕೆಂಪು ಚೆಂಡು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಷ್ಟವಾಯಿತು, ಆದರೂ ಕೊಳ್ಳುವವನ ಜಾಗದಲ್ಲಿ ನಿಂತು ನೋಡಿದರೆ ಬೇರೆ ತೀರ್ಮಾನ ಸಾಧ್ಯವಿಲ್ಲ.

ಸಹಿಯ ವಸ್ತುವಾದರೆ, ಅದು ಕೈಬರಹವೋ ಮುದ್ರಿತವೋ ಎಂದು ಮನೆಯಲ್ಲೇ ಒಂದು ಹಂತದವರೆಗೆ ನೋಡಬಹುದು. ಭೂತಗನ್ನಡಿಯಡಿ ಹಿಡಿದಾಗ ಮುದ್ರಿತ ಸಹಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳು ಒಂದೇ ಸಮನಾಗಿ ಕಾಣುತ್ತವೆ. ಕೈಯಿಂದ ಹಾಕಿದ ಸಹಿಯಲ್ಲಿ ಶಾಯಿ ಮರದ ಎಳೆಯ ಜೊತೆಗೆ ಸ್ವಲ್ಪ ಹರಡಿರುತ್ತದೆ, ಗೆರೆ ಶುರುವಾಗುವ ಮತ್ತು ಮುಗಿಯುವ ಕಡೆ ದಪ್ಪದಲ್ಲಿ ವ್ಯತ್ಯಾಸವಿರುತ್ತದೆ. ಕೈಬರಹವೆಂದು ಖಚಿತವಾದರೂ ಅದು ಆ ಆಟಗಾರನದೇ ಕೈಯೇ ಎಂಬುದು ಬೇರೆಯ ಪ್ರಶ್ನೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಕಾರ್ಯಾಚರಣೆ ನಡೆಸಿ, ಕ್ರೀಡಾಪಟುಗಳ ನಕಲಿ ಸಹಿ ತಯಾರಿಸುತ್ತಿದ್ದ ದೊಡ್ಡ ಜಾಲವನ್ನೇ ಹಿಡಿಯಿತು. ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಮುಂತಾದ ಸಂಸ್ಥೆಗಳು ಹಣ ಪಡೆದು ಸಹಿಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತವೆ. ಆ ಪತ್ರ ಅನುಭವಿಗಳ ಅಭಿಪ್ರಾಯವೇ ಹೊರತು ಪ್ರತ್ಯಕ್ಷ ಸಾಕ್ಷಿಯಲ್ಲ. ಸಹಿ ಹಾಕುತ್ತಿರುವಾಗ ತೆಗೆದ ಒಂದು ಫೋಟೋ, ನನ್ನ ದೃಷ್ಟಿಯಲ್ಲಿ, ಅಂಥ ಪತ್ರಕ್ಕಿಂತ ತೂಕದ್ದು.

ಆಟಗಾರನ ಹೆಸರು ಬೆಲೆಯನ್ನು ಹೇಗೆ ಏರಿಸುತ್ತದೆ, ಹೇಗೆ ಇಳಿಸುತ್ತದೆ

ಈ ವಿಚಾರದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತೆಂದರೆ, ಆಟಗಾರನ ಹೆಸರು ಕೆಟ್ಟರೆ ಬೆಲೆ ಬೀಳುತ್ತದೆ, ಒಳ್ಳೆಯದಾದರೆ ಏರುತ್ತದೆ ಎಂಬುದು. ಹಳೆಯ ಹರಾಜುಗಳ ವಿವರವನ್ನು ಎರಡು ವರ್ಷ ಓದಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಆಟಗಾರನ ಮೇಲೆ ಬಂದ ಕಳಂಕ ನಿಮ್ಮ ಕೈಯಲ್ಲಿರುವ ವಸ್ತುವನ್ನು ಮುಟ್ಟುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆ. ಈ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ನೋಡಿದರೆ, ಮೇಲುನೋಟಕ್ಕೆ ಅರ್ಥವಾಗದ ಎಷ್ಟೋ ಬೆಲೆಗಳು ಅರ್ಥವಾಗುತ್ತವೆ.

ಅಮೆರಿಕದ ಬೇಸ್‌ಬಾಲ್ ಆಟಗಾರ ಮಾರ್ಕ್ ಮೆಕ್‌ಗ್ವೈರ್ 1998ರಲ್ಲಿ ಒಂದೇ ಋತುವಿನಲ್ಲಿ 70 ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದು ದಾಖಲೆ ಮಾಡಿದರು. ಆ ಎಪ್ಪತ್ತನೆಯ ಹೊಡೆತದ ಚೆಂಡು 1999ರಲ್ಲಿ ಸುಮಾರು 30 ಲಕ್ಷ ಡಾಲರಿಗೆ ಮಾರಾಟವಾಯಿತು. 2001ರಲ್ಲಿ ಬ್ಯಾರಿ ಬಾಂಡ್ಸ್ 73 ಹೊಡೆದು ಆ ದಾಖಲೆಯನ್ನು ಮುರಿದರು; 2010ರಲ್ಲಿ ಮೆಕ್‌ಗ್ವೈರ್ ತಾವು ಸ್ಟೀರಾಯ್ಡ್ ಬಳಸಿದ್ದಾಗಿ ಒಪ್ಪಿಕೊಂಡರು. ಇಲ್ಲಿ ಬಿದ್ದ ಪೆಟ್ಟು ಎರಡು. ದಾಖಲೆ ಮುರಿಯುವುದು ಯಾರ ತಪ್ಪೂ ಅಲ್ಲ, ದಾಖಲೆಯ ಬಲದ ಮೇಲೆ ನಿಂತ ಪ್ರತಿಯೊಂದು ವಸ್ತುವಿಗೂ ಆ ಅಪಾಯ ಇದ್ದೇ ಇದೆ. ಎರಡನೆಯ ಪೆಟ್ಟು ಚೆಂಡಿನ ಕಥೆಯನ್ನೇ ಸುಳ್ಳು ಮಾಡಿತು. ಮದ್ದಿನ ಸಂಶಯಕ್ಕೆ ತಾವೂ ಗುರಿಯಾಗಿದ್ದ ಬಾಂಡ್ಸ್ ಅವರ, ಜೀವಮಾನದ ದಾಖಲೆ ಮುರಿದ 756ನೆಯ ಹೋಮ್‌ರನ್ ಚೆಂಡನ್ನು 2007ರಲ್ಲಿ ಉಡುಪು ವಿನ್ಯಾಸಕಾರ ಮಾರ್ಕ್ ಎಕೊ 7.5 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡು, ಏನು ಮಾಡಬೇಕೆಂದು ಜನರ ಮತ ಕೇಳಿ, ಅದರ ಮೇಲೆ ಸಂಶಯದ ಗುರುತಾಗಿ ನಕ್ಷತ್ರ ಚಿಹ್ನೆಯನ್ನು ಹಾಕಿಸಿ ಬೇಸ್‌ಬಾಲಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಗೆದ್ದ ಏಳು ಟೂರ್ ಡಿ ಫ್ರಾನ್ಸ್ ಪ್ರಶಸ್ತಿಗಳನ್ನು 2012ರಲ್ಲಿ ಕಿತ್ತುಕೊಳ್ಳಲಾಯಿತು. ಅಂದಿನಿಂದ, ಆ ಸ್ಪರ್ಧೆಯಲ್ಲಿ ಮುಂದಿರುವವರು ತೊಡುವ ಹಳದಿ ಅಂಗಿ ಅವರದ್ದಾದರೆ, ಅದರ ಜೊತೆಗೆ ‘ವಿಜೇತ’ ಎಂಬ ಪದವನ್ನು ಸತ್ಯವಾಗಿ ಬರೆಯಲು ಯಾವ ಮಾರಾಟಗಾರನಿಗೂ ಸಾಧ್ಯವಿಲ್ಲ.

ಇದಕ್ಕೆ ಎದುರಾಗಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಡಿಯಾಗೊ ಮರಡೋನಾ ಅವರನ್ನು ನೋಡಿ. 1994ರ ವಿಶ್ವಕಪ್ಪಿನಿಂದ ಉದ್ದೀಪನ ಮದ್ದು ಸೇವನೆಯ ಕಾರಣಕ್ಕೆ ಅವರನ್ನು ಹೊರಗೆ ಕಳುಹಿಸಲಾಗಿತ್ತು, ಅವರ ಖಾಸಗಿ ಬದುಕಿನ ಬಗ್ಗೆ ಜಗತ್ತೇ ಮಾತಾಡಿಕೊಂಡಿತ್ತು. ಆದರೂ 1986ರ ಜೂನ್ 22ರಂದು ಇಂಗ್ಲೆಂಡ್ ವಿರುದ್ಧ ಅವರು ತೊಟ್ಟಿದ್ದ ಅಂಗಿ 2022ರಲ್ಲಿ ಸೋದ್‌ಬೀಸ್ ಹರಾಜಿನಲ್ಲಿ 71 ಲಕ್ಷ ಪೌಂಡಿಗೆ ಹೋಯಿತು. ಪಂದ್ಯ ಮುಗಿದೊಡನೆ ಅವರೊಂದಿಗೆ ಅಂಗಿ ಬದಲಾಯಿಸಿಕೊಂಡಿದ್ದ ಇಂಗ್ಲೆಂಡ್ ಆಟಗಾರ ಸ್ಟೀವ್ ಹಾಜ್ ಅವರ ಒಡೆತನದಲ್ಲೇ ಅದು ಇಷ್ಟು ವರ್ಷ ಇದ್ದುದರಿಂದ ಸರಪಳಿಯಲ್ಲಿ ಕೊಂಡಿ ತಪ್ಪಿರಲಿಲ್ಲ. ಆ ಪಂದ್ಯದಲ್ಲಿ ಮರಡೋನಾ ಕೈಯಿಂದ ಹೊಡೆದ ಗೋಲು ಮೋಸದ್ದೇ ಆಗಿದ್ದರೂ, ಆ ಮೋಸವೂ ಅದೇ ಪಂದ್ಯದ ಇನ್ನೊಂದು ಅದ್ಭುತ ಗೋಲೂ ಸೇರಿಯೇ ಆ ಅಂಗಿಯ ಕಥೆ ಆಗಿದೆ. ಬಚ್ಚಿಟ್ಟು ಆಮೇಲೆ ಹೊರಬಿದ್ದ ಸಂಗತಿ ಅದರಲ್ಲಿ ಏನೂ ಇಲ್ಲ. ಶೇನ್ ವಾರ್ನ್ 2003ರಲ್ಲಿ ನಿಷೇಧಿತ ಮಾತ್ರೆಯ ಕಾರಣಕ್ಕೆ ಒಂದು ವರ್ಷ ಆಟದಿಂದ ಹೊರಗಿದ್ದವರು. 2020ರ ಜನವರಿಯಲ್ಲಿ, ಕಾಳ್ಗಿಚ್ಚಿನ ಸಂತ್ರಸ್ತರಿಗಾಗಿ ಅವರು ಹರಾಜಿಗಿಟ್ಟ ಹಸಿರು ಟೆಸ್ಟ್ ಟೋಪಿ 10,07,500 ಆಸ್ಟ್ರೇಲಿಯನ್ ಡಾಲರ್ ತಂದಿತು. ಡಾನ್ ಬ್ರಾಡ್ಮನ್ ಅವರು 1948ರಲ್ಲಿ ತೊಟ್ಟ ಟೋಪಿಗೆ 2003ರಲ್ಲಿ ಬಂದಿದ್ದು 4,25,000 ಡಾಲರ್. ವಾರ್ನ್ ಅವರ 708 ಟೆಸ್ಟ್ ವಿಕೆಟ್ಟುಗಳನ್ನು ಆ ನಿಷೇಧ ಅಳಿಸಲಿಲ್ಲ ಎಂಬುದು ಒಂದು ಕಾರಣವಾದರೆ, ಸಹಾಯಾರ್ಥ ಹರಾಜಿನಲ್ಲಿ ಕೊಳ್ಳುವವರು ಟೋಪಿಗಷ್ಟೇ ಹಣ ಕೊಡುವುದಿಲ್ಲ ಎಂಬುದು ಇನ್ನೊಂದು.

ಪಂದ್ಯದ ಫಲಿತಾಂಶವನ್ನೇ ಮಾರಿಕೊಳ್ಳುವ ತಪ್ಪು ನನ್ನ ಅಂದಾಜಿನಲ್ಲಿ ಎಲ್ಲಕ್ಕಿಂತ ಆಳವಾಗಿ ವಸ್ತುವನ್ನು ಮುಟ್ಟುತ್ತದೆ. ಅಂಥ ಆರೋಪ ಬಂದ ಪಂದ್ಯದ ಯಾವ ಚೆಂಡನ್ನು, ಯಾವ ಬ್ಯಾಟನ್ನು ನೋಡಿದರೂ ಅಂದು ಆಡಿದ್ದು ಆಟವೇ ಎಂಬ ಸಂಶಯ ಮೂಡುತ್ತದೆ. ಇದು ನಮಗೆ ದೂರದ ಮಾತೂ ಅಲ್ಲ. ಕರ್ನಾಟಕ ಪ್ರೀಮಿಯರ್ ಲೀಗಿನ ಪಂದ್ಯಗಳ ಬಗ್ಗೆ 2019ರಲ್ಲಿ ಬೆಂಗಳೂರಿನ ಪೊಲೀಸರು ತನಿಖೆ ನಡೆಸಿ ಹಲವರನ್ನು ಬಂಧಿಸಿದರು; ಮ್ಯಾಚ್ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ ವಂಚನೆಯ ಕಲಮಿನಡಿ ಬರುವುದಿಲ್ಲವೆಂದು 2022ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು; ಅದೇ ವರ್ಷ ಆ ಲೀಗಿನ ಜಾಗಕ್ಕೆ ಮಹಾರಾಜ ಟ್ರೋಫಿ ಬಂತು. ಕಾನೂನಿನ ದೃಷ್ಟಿಯಲ್ಲಿ ಪ್ರಕರಣ ಏನೇ ಆಗಿರಲಿ, ಹಳೆಯ ಲೀಗಿನ ಜೆರ್ಸಿ, ಚೆಂಡುಗಳನ್ನು ಇಟ್ಟುಕೊಂಡ ಪರಿಚಯದವರಿಗೆ ಕೇಳುವವರೇ ಸಿಗಲಿಲ್ಲ. 2024ರಲ್ಲಿ ಮೈಸೂರು ವಾರಿಯರ್ಸ್ ಮಹಾರಾಜ ಟ್ರೋಫಿ ಗೆದ್ದಾಗಿನ ವಸ್ತುಗಳನ್ನು ಸಂತೋಷದಿಂದ ಕೇಳುವವರು ಇದೇ ಊರಿನಲ್ಲಿದ್ದಾರೆ.

ನಮ್ಮ ತಂದೆಯವರ ಪುಟ್ಟ ಬ್ಯಾಟು ನನ್ನನ್ನು ಬಹಳ ಯೋಚಿಸುವಂತೆ ಮಾಡಿದ್ದು ಈ ಕಾರಣಕ್ಕೇ. ಅದರ ಮೇಲೆ ಅನಿಲ್ ಕುಂಬ್ಳೆ, ರಾಹುಲ್ ದ್ರಾವಿಡ್ ಮತ್ತು ಮೈಸೂರಿನವರೇ ಆದ ಜಾವಗಲ್ ಶ್ರೀನಾಥ್ ಅವರ ಸಹಿಗಳ ಪಕ್ಕದಲ್ಲೇ ಮೊಹಮ್ಮದ್ ಅಜರುದ್ದೀನ್ ಅವರ ಸಹಿಯೂ ಇದೆ. 2000ದಲ್ಲಿ ಕ್ರಿಕೆಟ್ ಮಂಡಳಿ ಅಜರುದ್ದೀನ್ ಅವರಿಗೆ ಆಜೀವ ನಿಷೇಧ ಹೇರಿತು, 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನುಬಾಹಿರವೆಂದಿತು. ಬ್ಯಾಟು ನೋಡಿದ ಒಬ್ಬರು ಆ ಒಂದು ಸಹಿಯನ್ನು ನಾಜೂಕಾಗಿ ಉಜ್ಜಿ ತೆಗೆದರೆ ಬೆಲೆ ಹೆಚ್ಚೀತು ಎಂದರು. ದಯವಿಟ್ಟು ಯಾರೂ ಇಂಥ ಕೆಲಸಕ್ಕೆ ಕೈ ಹಾಕಬೇಡಿ. ಇಡೀ ತಂಡ ಸಹಿ ಹಾಕಿದ ವಸ್ತುವಿಗೆ ಬೆಲೆ ಬರುವುದು ಅದು ಪೂರ್ಣವಾಗಿರುವುದರಿಂದ. ಒಂದು ಸಹಿ ಅಳಿಸಿದರೆ ಮಿಕ್ಕ ಹತ್ತರ ಮೇಲೂ ಅನುಮಾನ ಬರುತ್ತದೆ. ಅದು 1996ರ ತಂಡ, ಆ ತಂಡದಲ್ಲಿ ಅವರಿದ್ದರು, ಬ್ಯಾಟು ಹಾಗೆಯೇ ಇರಬೇಕು.

ಒಳ್ಳೆಯ ಹೆಸರಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಶ್ರೀನಾಥ್ ಅವರು ಟೆಸ್ಟಿನಲ್ಲಿ 236, ಏಕದಿನ ಪಂದ್ಯಗಳಲ್ಲಿ 315 ವಿಕೆಟ್ ಪಡೆದವರು, ನಿವೃತ್ತಿಯ ಬಳಿಕ ಮ್ಯಾಚ್ ರೆಫರಿಯಾಗಿ ಗೌರವ ಗಳಿಸಿದವರು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಕುಂಬ್ಳೆಯವರಿಗೆ ಹತ್ತನೆಯ ವಿಕೆಟ್ ಸಿಗಲೆಂದು ಇನ್ನೊಂದು ತುದಿಯಿಂದ ಸ್ಟಂಪಿನ ಹೊರಗೆ ಚೆಂಡೆಸೆದದ್ದನ್ನು ಈ ಊರಿನವರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಆದರೆ ಗೌರವ ಮತ್ತು ಗಿರಾಕಿಗಳ ಸಂಖ್ಯೆ ಒಂದೇ ಅಲ್ಲ. 2024ರ ಆಗಸ್ಟ್‌ನಲ್ಲಿ ಕೆ.ಎಲ್. ರಾಹುಲ್ ದಂಪತಿ ನಡೆಸಿದ ಸಹಾಯಾರ್ಥ ಹರಾಜಿನಲ್ಲಿ ವಿರಾಟ್ ಕೊಹ್ಲಿಯವರ ಜೆರ್ಸಿಗೆ 40 ಲಕ್ಷ ರೂಪಾಯಿ ಬಂದರೆ, ದ್ರಾವಿಡ್ ಅವರ ಬ್ಯಾಟಿಗೆ ಬಂದಿದ್ದು 11 ಲಕ್ಷ. ದ್ರಾವಿಡ್ ಅವರನ್ನು ಗೌರವಿಸದವರು ಯಾರೂ ಇರಲಾರರು, ಆದರೂ ಪೈಪೋಟಿ ಕೂಗು ಎದ್ದದ್ದು ಆಗಿನ್ನೂ ಆಡುತ್ತಿದ್ದವರ ವಸ್ತುವಿಗೆ. ನಿಷ್ಕಳಂಕ ಹೆಸರು ಬೆಲೆಯನ್ನು ಒಮ್ಮೆಲೇ ಮೇಲಕ್ಕೆ ಒಯ್ಯುವುದಿಲ್ಲ. ಮೂವತ್ತು ವರ್ಷ ಕಳೆದರೂ ಕೆಳಕ್ಕೆ ಬೀಳದಂತೆ ಹಿಡಿದಿಡುತ್ತದೆ. ಮಾರಲು ಅವಸರವಿಲ್ಲದವರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇಲ್ಲ.

ಕೇಳಿದವರಿಗೆಲ್ಲ ಧಾರಾಳವಾಗಿ ಸಹಿ ಹಾಕುವ ಆಟಗಾರನ ಸಹಿಯ ಬೆಲೆ ಕಡಿಮೆಯಾಗುತ್ತದೆ ಎಂಬುದನ್ನೂ ಗಮನಿಸಬೇಕು. ಬಾಜಿ ಕಟ್ಟಿದ ತಪ್ಪಿಗೆ 1989ರಲ್ಲಿ ಬೇಸ್‌ಬಾಲಿನಿಂದ ನಿಷೇಧಕ್ಕೊಳಗಾದ ಪೀಟ್ ರೋಸ್ ವರ್ಷಗಟ್ಟಲೆ ಲಾಸ್ ವೇಗಾಸ್‌ನಲ್ಲಿ ಕುಳಿತು ಹಣಕ್ಕೆ ಸಹಿ ಹಾಕಿಕೊಟ್ಟರು. ಅವರ ಸಹಿ ಅಗ್ಗವಾಗಿರುವುದಕ್ಕೆ ಕಳಂಕಕ್ಕಿಂತ ಸಂಖ್ಯೆಯೇ ಹೆಚ್ಚಿನ ಕಾರಣವಿರಬೇಕೆಂದು ನಾನು ಭಾವಿಸುತ್ತೇನೆ.

ಈಗ ಮಾರುವುದೋ, ಕಾಯುವುದೋ

ಕಳಂಕ ವಸ್ತುವನ್ನೇ ಮುಟ್ಟಿದ್ದರೆ ಕಾಯುವುದರಿಂದ ಹೆಚ್ಚು ಲಾಭವಿಲ್ಲ. ವಸ್ತುವನ್ನು ಮುಟ್ಟದ ತಪ್ಪಾದರೆ, ಸುದ್ದಿ ಬಿಸಿಯಾಗಿರುವಾಗ ಹೆದರಿ ಮಾರುವುದು ಅವಿವೇಕ. 2018ರಲ್ಲಿ ಕೇಪ್‌ಟೌನ್‌ನಲ್ಲಿ ಚೆಂಡು ವಿರೂಪಗೊಳಿಸಿದ ಪ್ರಕರಣದಲ್ಲಿ ಸ್ಟೀವ್ ಸ್ಮಿತ್ ಒಂದು ವರ್ಷ ನಿಷೇಧಕ್ಕೊಳಗಾದರು. ಮರುವರ್ಷದ ಆ್ಯಶಸ್ ಸರಣಿಯಲ್ಲಿ ನಾಲ್ಕೇ ಟೆಸ್ಟುಗಳಲ್ಲಿ 774 ರನ್ ಹೊಡೆದು ಜನರ ಬಾಯಲ್ಲಿ ಮತ್ತೆ ಆಟದ ಕಾರಣಕ್ಕೇ ಉಳಿದರು. 2018ರ ಏಪ್ರಿಲ್‌ನಲ್ಲಿ ಅವರ ಸಹಿಯ ಬ್ಯಾಟನ್ನು ಸಿಕ್ಕ ಬೆಲೆಗೆ ಕೊಟ್ಟವರು ಹದಿನೇಳು ತಿಂಗಳು ತಾಳಬಹುದಿತ್ತು.

ಏರಿಳಿತದ ಇನ್ನೊಂದು ಬಗೆಗೆ ಕರುಣ್ ನಾಯರ್ ಅವರೇ ಸಾಕ್ಷಿ. 2016ರ ಡಿಸೆಂಬರ್‌ನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದರು. ಭಾರತದ ಪರ ಟೆಸ್ಟಿನಲ್ಲಿ ತ್ರಿಶತಕ ಹೊಡೆದವರು ವೀರೇಂದ್ರ ಸೆಹ್ವಾಗ್ ಅವರನ್ನು ಬಿಟ್ಟರೆ ಅವರೊಬ್ಬರೇ. ಸ್ವಲ್ಪ ಕಾಲದಲ್ಲೇ ತಂಡದಿಂದ ಹೊರಬಿದ್ದರು. ಕ್ರಿಕೆಟ್ಟು ತಮಗೆ ಇನ್ನೊಂದು ಅವಕಾಶ ಕೊಡಲಿ ಎಂದು 2022ರಲ್ಲಿ ಬಹಿರಂಗವಾಗಿ ಬೇಡಿಕೊಂಡರು. 2024ರಲ್ಲಿ ಮೈಸೂರು ವಾರಿಯರ್ಸ್ ನಾಯಕರಾಗಿ ಟ್ರೋಫಿ ಗೆದ್ದು, 2025ರಲ್ಲಿ ಇಂಗ್ಲೆಂಡಿನಲ್ಲಿ ಮತ್ತೆ ಟೆಸ್ಟ್ ಆಡಿದರು. ಇಂಥ ಆಟಗಾರರ ವಸ್ತು ನಿಮ್ಮಲ್ಲಿದ್ದರೆ ತಂಡಕ್ಕೆ ಮರಳಿದ ಸುದ್ದಿ ಬಂದ ವಾರಗಳೇ ಮಾರಲು ತಕ್ಕ ಕಾಲ. ಆ 303ರ ಪಂದ್ಯದಲ್ಲಿ ಬಳಸಿದ ವಸ್ತುವೇ ಆಗಿದ್ದರೆ ಮಾತ್ರ ಕಾಲದ ಚಿಂತೆ ಬೇಡ, ಏಕೆಂದರೆ ಆ ಅಂಕಿ ಇನ್ನು ಬದಲಾಗುವುದಿಲ್ಲ. ಆಟಗಾರ ತೀರಿಕೊಂಡ ಸುದ್ದಿಯೊಂದಿಗೆ ಬೇಡಿಕೆ ತಟ್ಟನೆ ಏರುವುದೂ ಉಂಟು. ಆ ದಿನಗಳಲ್ಲಿ ಮಾರಲು ನನಗೆ ಮನಸ್ಸು ಒಪ್ಪುವುದಿಲ್ಲ, ಲೆಕ್ಕದ ದೃಷ್ಟಿಯಿಂದಲೂ ಆಗ ಬೀರುಗಳಲ್ಲಿದ್ದದ್ದೆಲ್ಲ ಒಟ್ಟಿಗೆ ಮಾರುಕಟ್ಟೆಗೆ ಬರುತ್ತದೆ.

ಎಲ್ಲಿ ಮಾರುವುದು

ಊರಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಅಂದೇ ಹಣ ಸಿಗುತ್ತದೆ, ಆದರೆ ಮರದ ಬೆಲೆ, ಬಟ್ಟೆಯ ಬೆಲೆ, ಲೋಹದ ಬೆಲೆಗಿಂತ ಹೆಚ್ಚು ಸಿಗುವುದಿಲ್ಲ. ದಾಖಲೆಯೇ ಇಲ್ಲದ ವಸ್ತುವಿಗೆ ಮಾತ್ರ ಇದು ಸರಿಯಾದ ದಾರಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಓಎಲ್‌ಎಕ್ಸ್‌ಗಳಲ್ಲಿ ನೇರವಾಗಿ ಮಾರಿದರೆ ಕಮಿಷನ್ ಉಳಿಯುತ್ತದೆ, ಸಾವಿರ ರೂಪಾಯಿಯಿಂದ ಹತ್ತಿಪ್ಪತ್ತು ಸಾವಿರದವರೆಗಿನ ಸಹಿಯ ವಸ್ತುಗಳಿಗೆ ಇದು ಸಾಕು. ಅಪಾಯವೂ ಇಲ್ಲೇ ಹೆಚ್ಚು. ನಾನು ಮೊದಲು ಮಾರಿದ್ದು ತಂದೆಯವರ ಸಂಗ್ರಹದಲ್ಲಿದ್ದ, ಸಹಿ ಹಾಕಿದ ಒಂದು ಕೈಗವಸು. ಕೊಂಡವರು ಸಹಿ ನಕಲಿಯೆಂದು ಹಣ ವಾಪಸು ಪಡೆದು, ಕಳುಹಿಸಿದ ಪಾರ್ಸೆಲಿನಲ್ಲಿ ಬೇರೊಂದು ಕೈಗವಸು ಇಟ್ಟಿದ್ದರು. ನನ್ನದರ ಹತ್ತಿರದ ಫೋಟೋ ನನ್ನಲ್ಲಿ ಇರಲಿಲ್ಲವಾದ್ದರಿಂದ ವಾದಿಸಲು ಆಧಾರವೇ ಇರಲಿಲ್ಲ. ಅಂದಿನಿಂದ ಪ್ರತಿ ವಸ್ತುವಿನ ಮರದ ಎಳೆ, ಹೊಲಿಗೆ, ಕಲೆ, ತೂಕ ಎಲ್ಲವನ್ನೂ ಫೋಟೋ ತೆಗೆದಿಟ್ಟು, ಪಾರ್ಸೆಲ್ ಕಟ್ಟುವುದನ್ನು ವಿಡಿಯೋ ಮಾಡುತ್ತೇನೆ. ಹಣ ಬಂತೆಂಬುದಕ್ಕೆ ಎದುರಿನವರು ಕಳುಹಿಸುವ ಸ್ಕ್ರೀನ್‌ಶಾಟ್ ನಂಬದೆ ನನ್ನ ಬ್ಯಾಂಕಿನ ಖಾತೆಯನ್ನೇ ನೋಡುತ್ತೇನೆ. ಸಾಧ್ಯವಾದರೆ ಕೊಳ್ಳುವವರನ್ನು ಮನೆಗೇ ಕರೆದು, ವಸ್ತುವನ್ನು ಕೈಗೆ ಕೊಟ್ಟು, ಒಪ್ಪಿದ ಮೇಲೆ ಮಾರುವುದು ಇನ್ನೂ ಉತ್ತಮ.

ಬೆಂಗಳೂರು, ಮುಂಬೈ ಅಥವಾ ಲಂಡನ್ನಿನ ಹರಾಜು ಸಂಸ್ಥೆಗಳು ಲಕ್ಷಗಳ ವಸ್ತುವಿಗೆ ಹೊಂದುವ ದಾರಿ. ಅಲ್ಲಿ ಎರಡು ಲೆಕ್ಕಗಳನ್ನು ಗೊಂದಲ ಮಾಡಿಕೊಳ್ಳಬಾರದು. ಬ್ರಾಡ್ಮನ್ ಅವರು 1947–48ರಲ್ಲಿ ಭಾರತದ ವಿರುದ್ಧ ತೊಟ್ಟಿದ್ದ ಟೋಪಿ 2024ರ ಡಿಸೆಂಬರ್‌ನಲ್ಲಿ ಬಾನಮ್ಸ್ ಹರಾಜಿಗೆ ಬಂದಾಗ ಕೊನೆಯ ಕೂಗು 3,90,000 ಆಸ್ಟ್ರೇಲಿಯನ್ ಡಾಲರಿಗೆ ನಿಂತಿತು, ಕೊಂಡವರು ಶುಲ್ಕವೂ ಸೇರಿ ತೆತ್ತದ್ದು 4,79,700. ಪತ್ರಿಕೆಯಲ್ಲಿ ಓದುವ ಬೆಲೆ ಹೆಚ್ಚಾಗಿ ಎರಡನೆಯದು. ಮಾರಿದವರ ಲೆಕ್ಕ ಶುರುವಾಗುವುದು ಮೊದಲನೆಯದರಿಂದ, ಅದರಲ್ಲೂ ಮಾರಾಟಗಾರನ ಕಮಿಷನ್, ಫೋಟೋ, ವಿಮೆ, ಸಾಗಣೆ ಕಳೆಯುತ್ತದೆ. ವಸ್ತು ಕೊಡುವ ಮೊದಲು ಈ ಎಲ್ಲ ಖರ್ಚನ್ನೂ, ಯಾವ ಬೆಲೆಗಿಂತ ಕೆಳಗೆ ಮಾರಬಾರದೆಂಬುದನ್ನೂ, ಮಾರಾಟವಾಗದಿದ್ದರೆ ವಾಪಸು ತರುವ ಖರ್ಚು ಯಾರದೆಂಬುದನ್ನೂ ಬರವಣಿಗೆಯಲ್ಲಿ ಪಡೆಯಬೇಕು. ವಸ್ತು ನೂರು ವರ್ಷಕ್ಕಿಂತ ಹಳೆಯದಾದರೆ, ಅರಮನೆ ಕಾಲದ ಪಾರಿತೋಷಕಗಳಿರುವ ಮನೆಗಳು ಮೈಸೂರಿನಲ್ಲಿ ಇವೆಯಾದ್ದರಿಂದ ಹೇಳುತ್ತಿದ್ದೇನೆ, ಅದು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಪ್ರಾಚ್ಯವಸ್ತುವೆಂದು ಪರಿಗಣಿತವಾದದ್ದನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ದೊಡ್ಡ ಮೊತ್ತ ಬಂದರೆ ತೆರಿಗೆಯ ಬಗ್ಗೆ ಆಡಿಟರನ್ನು ಕೇಳದೆ ಮುಂದುವರಿಯಬೇಡಿ.

ಸಂಗ್ರಾಹಕರಿಗೆ ಅಥವಾ ಪುಣೆಯ ಬ್ಲೇಡ್ಸ್ ಆಫ್ ಗ್ಲೋರಿಯಂಥ ಕ್ರಿಕೆಟ್ ಸಂಗ್ರಹಾಲಯಕ್ಕೆ ನೇರವಾಗಿ ಕೊಡುವುದು ನನಗೆ ಹೆಚ್ಚು ಮೆಚ್ಚಿಗೆಯಾದ ದಾರಿ. ಹರಾಜಿನ ಪೈಪೋಟಿ ಇಲ್ಲಿ ಇಲ್ಲ, ಆದರೆ ವಸ್ತುವಿನ ಕಥೆ ಗೊತ್ತಿರುವವರು ಚೌಕಾಸಿ ಮಾಡಿದರೂ ಬೆಲೆಯನ್ನು ಅರ್ಥ ಮಾಡಿಕೊಂಡೇ ಮಾಡುತ್ತಾರೆ. ಅದರಲ್ಲೂ ‘ಮೈಸೂರು’ ಎಂಬ ಹೆಸರಿರುವ ಹಳೆಯ ರಣಜಿ ತಂಡದ ಟೋಪಿ, ಬ್ಲೇಜರುಗಳಂಥವು ಯಾರ ಮನೆಯಲ್ಲಾದರೂ ಇದ್ದರೆ ಅವುಗಳನ್ನು ಅರಿತವರಿಗೇ ತೋರಿಸಿ. ರಾಜ್ಯಕ್ಕೆ 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂದ ಋತುವಿನಲ್ಲೇ ತಂಡ ಎರಪಳ್ಳಿ ಪ್ರಸನ್ನ ಅವರ ನಾಯಕತ್ವದಲ್ಲಿ ಮೊದಲ ಬಾರಿಗೆ ರಣಜಿ ಗೆದ್ದಿತು, ದಾರಿಯಲ್ಲಿ ಸತತ ಹದಿನೈದು ವರ್ಷ ಚಾಂಪಿಯನ್ ಆಗಿದ್ದ ಬಾಂಬೆಯನ್ನು ಹಿಮ್ಮೆಟ್ಟಿಸಿತು. ಮೈಸೂರು ಹೆಸರಿನ ತಂಡ ಒಮ್ಮೆಯೂ ಗೆದ್ದಿರಲಿಲ್ಲ, ಅದರ ವಸ್ತುಗಳು ಇನ್ನು ಮುಂದೆ ಹೊಸದಾಗಿ ಹುಟ್ಟುವುದೂ ಇಲ್ಲ.

ಸಹಾಯಾರ್ಥ ಹರಾಜಿನ ಬೆಲೆಗಳನ್ನು ನೋಡಿ ನಿಮ್ಮ ವಸ್ತುವಿಗೆ ಬೆಲೆ ಕಟ್ಟಬೇಡಿ. ಪ್ರಧಾನಿಯವರಿಗೆ ಬಂದ ಉಡುಗೊರೆಗಳ 2021ರ ಇ-ಹರಾಜಿನಲ್ಲಿ ನೀರಜ್ ಚೋಪ್ರಾ ಅವರ ಜಾವೆಲಿನ್ 1.5 ಕೋಟಿ ರೂಪಾಯಿಗೆ ಹೋಯಿತು; ಹರಾಜಿನ ಹಣ ಗಂಗಾ ನದಿಯ ಶುದ್ಧೀಕರಣಕ್ಕೆಂದು ಮೀಸಲಾಗಿತ್ತು, ಜಾವೆಲಿನ್ ಕೊಂಡದ್ದು ಭಾರತೀಯ ಕ್ರಿಕೆಟ್ ಮಂಡಳಿ. ಅದು ಮಾರುಕಟ್ಟೆಯ ಬೆಲೆಯಲ್ಲ.

ಗದೆಯ ವಿಚಾರ

ಕುಸ್ತಿಯ ವಸ್ತುಗಳ ಹೋಲಿಕೆ ಬೇರೆಯೇ ಆಗಿದೆ, ಏಕೆಂದರೆ ಇಲ್ಲಿ ಆಟಗಾರನ ಹೆಸರು ಬಲವಾಗಿರುವುದು ಕೆಲವೇ ಮೈಲಿಗಳ ಒಳಗೆ. ದೊಡ್ಡಕೆರೆ ಮೈದಾನದ ಅಖಾಡದಲ್ಲಿ ದಸರಾ ಕುಸ್ತಿ ನೋಡುತ್ತ ಬೆಳೆದವರಿಗೆ ‘ದಸರಾ ಕಂಠೀರವ’, ‘ದಸರಾ ಕೇಸರಿ’, ‘ದಸರಾ ಕುಮಾರ’ ಎಂಬ ಬಿರುದುಗಳ ತೂಕ ಗೊತ್ತು; ಮುಂಬೈಯ ಹರಾಜಿನಲ್ಲಿ ಅದನ್ನು ವಿವರಿಸುವಷ್ಟರಲ್ಲಿ ಕೂಗು ಮುಗಿದಿರುತ್ತದೆ. ಅಶೋಕ ರಸ್ತೆಯ ಬೆಳ್ಳಿ ಅಂಗಡಿಯಲ್ಲಿ ಮಾವನ ಗದೆಯನ್ನು ತೂಗಿಸಿದಾಗ, ಒಳಗೆ ಮರವಿದ್ದು ಮೇಲೆ ಬೆಳ್ಳಿ ತಗಡು ಹೊದಿಸಿದೆ, ತಕ್ಕಡಿಯ ತೂಕವೆಲ್ಲ ಬೆಳ್ಳಿಯದಲ್ಲ ಎಂದರು. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಇಂಥ ಗದೆಗಳು ಕರಗುತ್ತವೆ, ಕರಗಿದ ಮೇಲೆ ಅದರ ಮೇಲೆ ಕೆತ್ತಿದ ವರ್ಷವೂ ಬಿರುದೂ ಹೋಗುತ್ತದೆ. ಮಾರಲೇಬೇಕಾದವರು ಕರಗಿಸುವ ಬೆಲೆಯನ್ನು ಕೆಳಗಿನ ಮಿತಿಯಾಗಿ ಬರೆದಿಟ್ಟುಕೊಂಡು, ಮೊದಲು ಆ ಪೈಲ್ವಾನರ ಗರಡಿಯವರನ್ನೂ, ಶಿಷ್ಯರ ಮನೆಗಳನ್ನೂ, ಊರಿನ ಕುಸ್ತಿ ಸಂಘದವರನ್ನೂ ಕೇಳಬೇಕು. ಅಖಾಡದಲ್ಲಿ ಪೈಲ್ವಾನರು ಹೇಗೆ ನಡೆದುಕೊಂಡರು, ಜೋಡಿಯನ್ನು ಹೇಗೆ ಒಪ್ಪಿದರು ಎಂಬುದನ್ನೆಲ್ಲ ಈ ಜನ ಎರಡು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ, ಬೆಲೆಯನ್ನು ಕಟ್ಟುವುದೂ ಆ ನೆನಪಿನ ಮೇಲೆಯೇ.

ಮಾವನ ಗರಡಿಯ ಹಿರಿಯರು ನಮ್ಮ ಮನೆಗೆ ಬಂದು, ಬೆಳ್ಳಿಯ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಕೊಟ್ಟು, ಗದೆಯನ್ನು ತೆಗೆದುಕೊಂಡು ಹೋದರು. ಗದೆಯ ಜೊತೆಗೆ ಮಾವನ ಒಂದು ಹಳೆಯ ಫೋಟೋವನ್ನೂ, ಅವರು ಯಾವ ವರ್ಷ ಯಾರ ಎದುರು ಗೆದ್ದರೆಂದು ನಮ್ಮ ತಾಯಿ ಹೇಳಿ ಬರೆಸಿದ ಒಂದು ಪುಟವನ್ನೂ ಕೊಟ್ಟೆವು. ಪುಟ್ಟ ಬ್ಯಾಟಿಗಾಗಿ ಒಬ್ಬ ಸಂಗ್ರಾಹಕರೊಂದಿಗೆ ಮಾತುಕತೆ ನಡೆದಿದೆ. ಹೋಟೆಲಿನ ಮುಂದೆ ತಂದೆಯವರು ಆ ಬ್ಯಾಟು ಹಿಡಿದು ನಿಂತಿರುವ ಫೋಟೋ ಹಳೆಯ ಆಲ್ಬಮ್ಮಿನಲ್ಲಿ ಸಿಕ್ಕ ಮೇಲೆ ಅವರು ತಮ್ಮ ಬೆಲೆಯನ್ನು ಏರಿಸಿದ್ದಾರೆ. ಚೆಂಡು ಬೀರುವಿನಲ್ಲೇ ಇದೆ, ಅದರ ಬಗ್ಗೆ ಸತ್ಯವೆಂದು ಬರೆದುಕೊಡಬಹುದಾದ ಒಂದು ಸಾಲೂ ನನ್ನ ಬಳಿ ಇಲ್ಲ.